ಅಳಿಸಲಾ, ಉಳಿಸಲಾ? ಬಟನ್ ಮೇಲಿನ ಪದಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)



ಹೋದ ತಿಂಗಳು ತಿಪಟೂರಿನಿಂದ ನಮ್ಮ ದೊಡ್ಡಮ್ಮ ಫೋನ್ ಮಾಡಿದ್ರು. ಮಗಳ ಮನೆಗೆ ಹೋಗೋಕೆ ಬಸ್ ಟಿಕೆಟ್ ಬುಕ್ ಮಾಡಿದ್ರು, ಕಾರ್ಯಕ್ರಮ ಮುಂದೆ ಹೋಯ್ತು, ಟಿಕೆಟ್ ಕ್ಯಾನ್ಸಲ್ ಮಾಡಬೇಕಿತ್ತು. ಅವರು ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಮೊಬೈಲಿನಲ್ಲೂ ಕನ್ನಡವನ್ನೇ ಹಾಕಿಸಿಕೊಂಡಿದ್ದಾರೆ. ಪರದೆಯ ಮೇಲೆ ಒಂದು ಪ್ರಶ್ನೆ ಬಂತಂತೆ: 'ಟಿಕೆಟ್ ರದ್ದುಗೊಳಿಸಬೇಕೇ?' ಅದರ ಕೆಳಗೆ ಎರಡು ಬಟನ್. ಒಂದರ ಮೇಲೆ 'ಸರಿ'. ಇನ್ನೊಂದರ ಮೇಲೆ 'ರದ್ದುಗೊಳಿಸಿ'.

ರದ್ದು ಮಾಡಬೇಕು ಅಂತ ತಾನೇ ಬಂದಿರೋದು? ಅವರು 'ರದ್ದುಗೊಳಿಸಿ' ಒತ್ತಿದ್ರು. ರದ್ದಾಗಿದ್ದು ಟಿಕೆಟ್ ಅಲ್ಲ, ರದ್ದು ಮಾಡುವ ಕೆಲಸ! ಟಿಕೆಟ್ ಹಾಗೇ ಉಳೀತು. ಮಾರನೇ ದಿನ ಬಸ್ಸೂ ಹೋಯ್ತು, ದುಡ್ಡೂ ಹೋಯ್ತು. ಹೋಗಿದ್ದು ನಾಲ್ಕೈದು ನೂರು ರೂಪಾಯಿ, ಅದೇನು ದೊಡ್ಡದಲ್ಲ. ಆದರೆ ಅವರು ಕೊನೆಗೆ ಹೇಳಿದ ಒಂದು ಮಾತು ನನ್ನ ತಲೆಯಲ್ಲೇ ಕೂತುಬಿಡ್ತು. "ನಾನೇ ದಡ್ಡಿ ಬಿಡು ಕಣೋ, ನಂಗೆ ಇವೆಲ್ಲ ಬರಲ್ಲ."

ಇವತ್ತಿನ ಸಂಚಿಕೆ ಆ ಮಾತಿನ ಬಗ್ಗೆ. ಬಟನ್ ಮೇಲಿನ ಒಂದೆರಡು ಪದಗಳು ಎಲ್ಲಿಂದ ಬಂದವು, ಅವನ್ನ ಯಾರು ಆರಿಸಿದ್ರು, ಆ ಪದ ತಪ್ಪಿದಾಗ ನಾವು ಯಾಕೆ ನಮ್ಮನ್ನೇ ಬೈದುಕೊಳ್ತೀವಿ ಅನ್ನೋದರ ಬಗ್ಗೆ.

ಬಳಕೆದಾರರನ್ನ 'ದಡ್ಡ' ಅಂದ ಬಟನ್

1980ರ ದಶಕದ ಆರಂಭ, ಕ್ಯಾಲಿಫೋರ್ನಿಯಾ. ಆಪಲ್ ಕಂಪನಿಯಲ್ಲಿ 'ಲೀಸಾ' ಅನ್ನೋ ಹೊಸ ಕಂಪ್ಯೂಟರ್ ತಯಾರಾಗ್ತಾ ಇತ್ತು. 1983ರ ಜನವರಿಯಲ್ಲಿ ಅದು ಮಾರುಕಟ್ಟೆಗೆ ಬಂದಾಗ ಬೆಲೆ 9,995 ಡಾಲರ್. ಮೌಸ್, ಮೆನು, ಪರದೆಯ ಮೇಲೆ ಒತ್ತಬಹುದಾದ ಬಟನ್ ಇವೆಲ್ಲ ಆಗಿನ್ನೂ ಹೊಸ ವಿಷಯ. ಅದುವರೆಗೆ ಕಂಪ್ಯೂಟರ್ ಅಂದ್ರೆ ಕಪ್ಪು ಪರದೆ, ಅದರಲ್ಲಿ ನಾವೇ ಟೈಪ್ ಮಾಡಬೇಕಾದ ಆಜ್ಞೆಗಳು. ಈಗ ಆಜ್ಞೆಯ ಪದವನ್ನ ಯಂತ್ರವೇ ಬರೆದು ತೋರಿಸಬೇಕು, ಮನುಷ್ಯ ಬರೀ ಒತ್ತಬೇಕು. ಹಾಗಾದ್ರೆ ಏನಂತ ಬರೆಯೋದು?

ಒಂದು ಕೆಲಸ ಮಾಡೋ ಮೊದಲು ಕಂಪ್ಯೂಟರ್ ಒಪ್ಪಿಗೆ ಕೇಳುತ್ತಲ್ಲ, ಆ ಜಾಗಕ್ಕೆ ಲೀಸಾ ತಂಡದವರು ಎರಡು ಬಟನ್ ಇಟ್ಟಿದ್ರು. ಬೇಡ ಅನ್ನೋಕೆ 'ಕ್ಯಾನ್ಸಲ್'. ಬೇಕು ಅನ್ನೋಕೆ 'ಡು ಇಟ್', ಅಂದ್ರೆ 'ಅದನ್ನ ಮಾಡು'. 'ಓಕೆ' ಅನ್ನೋ ಪದವೂ ಅವರ ಮುಂದೆ ಇತ್ತು. ಆದರೆ ಅದು ತೀರಾ ಆಡುಮಾತಾಯ್ತು ಅನ್ನೋ ಹಿಂಜರಿಕೆ.

ಆಮೇಲೆ ಹೊಸಬರನ್ನ ಕೂರಿಸಿ ಪರೀಕ್ಷೆ ಶುರುವಾಯ್ತು. ಈ ಪರೀಕ್ಷೆಗಳ ಹಿಂದಿದ್ದವರು ಲ್ಯಾರಿ ಟೆಸ್ಲರ್. ಎಲ್ಲ ಸರಾಗವಾಗಿ ನಡೀತಿತ್ತು, ಆದರೆ ಆ ಬಟನ್ ಬಂದಾಗ ಕೆಲವರು ತಡವರಿಸ್ತಾ ಇದ್ರು. 'ಡು ಇಟ್' ಒತ್ತಬೇಕಾದ ಕಡೆ 'ಕ್ಯಾನ್ಸಲ್' ಒತ್ತಿಬಿಡೋರು. ಯಾಕೆ ಅಂತ ಯಾರಿಗೂ ಹೊಳೀಲಿಲ್ಲ. ಕೊನೆಗೆ ಒಬ್ಬ ವ್ಯಕ್ತಿಗೆ ಸಿಟ್ಟೇ ಬಂತು. ಪರೀಕ್ಷೆ ನಿಲ್ಲಿಸಿ ಏನಾಯ್ತು ಅಂತ ಕೇಳಿದಾಗ ಗುಟ್ಟು ಹೊರಬಿತ್ತು. ನಾನೇನು ದಡ್ಡ ಅಲ್ಲ, ಈ ಯಂತ್ರ ಯಾಕೆ ನನ್ನನ್ನ 'ಡೋಲ್ಟ್' ಅಂತ ಕರೀತಿದೆ ಅನ್ನೋದು ಆತನ ಪ್ರಶ್ನೆ.

ಆಗಿದ್ದು ಇಷ್ಟು. ಇಂಗ್ಲಿಷಿನ ದೊಡ್ಡ 'ಐ' ಅಕ್ಷರವನ್ನ ಆ ಪರದೆಯ ಸರಳ ಅಚ್ಚಿನಲ್ಲಿ ಬರೆದ್ರೆ ಒಂದು ನೆಟ್ಟನೆ ಕಡ್ಡಿ. ಸಣ್ಣ 'ಎಲ್' ಅಕ್ಷರವೂ ಒಂದು ನೆಟ್ಟನೆ ಕಡ್ಡಿ. ಎರಡು ಪದಗಳ ನಡುವಿನ ಜಾಗ ಕಿರಿದು. ಹಾಗಾಗಿ 'ಡು ಇಟ್' ಅನ್ನೋದು 'ಡೋಲ್ಟ್' ಅಂತ ಕಾಣಿಸ್ತು. ಡೋಲ್ಟ್ ಅಂದ್ರೆ ಇಂಗ್ಲಿಷಿನಲ್ಲಿ ಪೆದ್ದ, ದಡ್ಡ. ತಂಡದವರು ಆ ಪದವನ್ನ ತೆಗೆದು, ಮೊದಲು ಬೇಡ ಅಂದಿದ್ದ 'ಓಕೆ'ಯನ್ನೇ ಹಾಕಿದ್ರು. ಆಪಲ್‌ನ ಹಳೆಯ ಎಂಜಿನಿಯರ್ ಆಂಡಿ ಹರ್ಟ್ಸ್‌ಫೆಲ್ಡ್ ಈ ಪ್ರಸಂಗವನ್ನ ಬರೆದಿಟ್ಟಿದ್ದಾರೆ.

ಈ ಕಥೆ ಕೇಳಿ ನಗು ಬರುತ್ತೆ ನಿಜ. ಆದರೆ ಅಲ್ಲಿ ಕೂತಿದ್ದ ಬೇರೆಯವರನ್ನ ಸ್ವಲ್ಪ ನೆನಪು ಮಾಡಿಕೊಳ್ಳಿ. ಅವರೂ ಅದೇ ಬಟನ್ ನೋಡಿ ತಬ್ಬಿಬ್ಬಾಗಿದ್ರು, ಬಾಯಿ ಬಿಡಲಿಲ್ಲ. ಒಬ್ಬ ಮನುಷ್ಯ ಎದ್ದು ತಪ್ಪು ನನ್ನದಲ್ಲ ಅಂದಿದ್ದಕ್ಕೆ ಆ ಪದ ಬದಲಾಯ್ತು.

ಕತ್ತರಿ, ಅಂಟು ಮತ್ತು ಓಕೆ

ಲ್ಯಾರಿ ಟೆಸ್ಲರ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಆಪಲ್‌ಗೆ ಬರೋ ಮೊದಲು ಅವರು ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ರು. 1970ರ ದಶಕದ ಮಧ್ಯದಲ್ಲಿ ಅವರು, ಟಿಮ್ ಮಾಟ್ ಜೊತೆ ಸೇರಿ, 'ಜಿಪ್ಸಿ' ಅನ್ನೋ ಬರವಣಿಗೆಯ ತಂತ್ರಾಂಶ ಮಾಡಿದ್ರು. ಅದು ಬಾಸ್ಟನ್ ಕಡೆಯ ಗಿನ್ ಅನ್ನೋ ಪಠ್ಯಪುಸ್ತಕ ಪ್ರಕಾಶಕರಿಗಾಗಿ ಮಾಡಿದ್ದು. ಪುಸ್ತಕದ ಸಂಪಾದಕರು ಆಗ ಏನು ಮಾಡ್ತಿದ್ರು? ಟೈಪ್ ಮಾಡಿದ ಹಾಳೆಯನ್ನ ಕತ್ತರಿಯಲ್ಲಿ ಕತ್ತರಿಸಿ, ಬೇರೆ ಕಡೆ ಅಂಟು ಹಚ್ಚಿ ಅಂಟಿಸೋರು. ನಮ್ಮ ಪತ್ರಿಕಾ ಕಚೇರಿಗಳಲ್ಲೂ ಹಿರಿಯರಿಗೆ ಇದು ಗೊತ್ತಿರೋ ಕೆಲಸವೇ. ಆ ಕೆಲಸದ ಹೆಸರೇ ಪರದೆಗೂ ಬಂತು. 'ಕಟ್', 'ಪೇಸ್ಟ್'.

ಇವತ್ತು ಕತ್ತರಿ ಮುಟ್ಟದೇ ಇರೋರೂ 'ಕಟ್ ಪೇಸ್ಟ್' ಅಂತಾರೆ. ಕೆಲಸ ಮಾಡೋರ ಬಾಯಲ್ಲಿ ಆಗಲೇ ಇದ್ದ ಮಾತನ್ನೇ ಪರದೆ ಮೇಲೆ ಬರೆದಿದ್ದಕ್ಕೆ ಅದು ಐವತ್ತು ವರ್ಷ ಬಾಳಿದೆ. ಟೆಸ್ಲರ್ 2020ರ ಫೆಬ್ರುವರಿಯಲ್ಲಿ ತೀರಿಕೊಂಡರು.

'ಓಕೆ' ಕಥೆ ಬೇರೆ. ಆ ಪದ ಅಚ್ಚಿನಲ್ಲಿ ಕಾಣಿಸಿಕೊಂಡಿದ್ದು 1839ರ ಮಾರ್ಚ್ 23ರಂದು, ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ. ಅದು ಒಂದು ತಮಾಷೆ. 'ಆಲ್ ಕರೆಕ್ಟ್' ಅನ್ನೋದನ್ನ ಬೇಕಂತಲೇ ತಪ್ಪು ಕಾಗುಣಿತದಲ್ಲಿ ಬರೆದು, ಅದರ ಮೊದಲ ಅಕ್ಷರಗಳನ್ನ ಇಟ್ಟುಕೊಂಡಿದ್ರು. ಎಲ್ಲ ಸರಿ ಅಂತ ಹೇಳೋ ಪದಕ್ಕೆ ಹುಟ್ಟಿದ ಕ್ಷಣದಿಂದಲೇ ಕಾಗುಣಿತ ಸರಿಯಿಲ್ಲ! ಆಮೇಲೆ ಅದು ಲೋಕವೆಲ್ಲ ಸುತ್ತಿತು. ನಮ್ಮ ಹಳ್ಳಿಗಳಲ್ಲೂ 'ಓಕೆ' ಅನ್ನದವರಿಲ್ಲ.

ಚಿಕ್ಕದು, ಎಲ್ಲರಿಗೂ ಗೊತ್ತು, ಬೈಗುಳದ ಹಾಗೆ ಕಾಣಿಸೋದಿಲ್ಲ. ಆದರೆ 'ಓಕೆ'ಗೆ ಒಂದು ದೋಷ ಇದೆ. ಅದು ಒಪ್ಪಿಗೆ ಹೇಳುತ್ತೆ, ಯಾವುದಕ್ಕೆ ಅಂತ ಹೇಳೋದಿಲ್ಲ. ಮೇಲಿರೋ ಪ್ರಶ್ನೆಯನ್ನ ಪೂರ್ತಿ ಓದಿ ಅರ್ಥ ಮಾಡಿಕೊಂಡವರಿಗೆ ಮಾತ್ರ ಆ ಬಟನ್ನಿಗೆ ಅರ್ಥ. ನಾವು ಯಾರು ತಾನೇ ಪೂರ್ತಿ ಓದ್ತೀವಿ, ಹೇಳಿ?

ಎ, ಆರ್, ಐ

ಲೀಸಾ ತಂಡ ಒಂದೊಂದು ಪದಕ್ಕೂ ತಲೆ ಕೆಡಿಸಿಕೊಳ್ತಾ ಇದ್ದ ಹೊತ್ತಿಗೆ, 1981ರಲ್ಲಿ, ಐಬಿಎಂ ಪರ್ಸನಲ್ ಕಂಪ್ಯೂಟರ್ ಬಂತು. ಜೊತೆಗೆ ಮೈಕ್ರೋಸಾಫ್ಟ್‌ನ ಡಾಸ್ ಬಂತು. ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಇದು ಗೊತ್ತು. ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ಕೋಣೆಯೊಳಗೆ ದೇವಸ್ಥಾನಕ್ಕೆ ಹೋದ ಹಾಗೆ ಹೋಗಿ, ಫ್ಲಾಪಿ ಹಾಕಿದ್ರೆ ಕರಕರ ಸದ್ದು, ಆಮೇಲೆ ಒಂದು ಸಾಲು: 'ಅಬಾರ್ಟ್, ರಿಟ್ರೈ, ಇಗ್ನೋರ್?'

ಡ್ರೈವಿನಲ್ಲಿ ಫ್ಲಾಪಿ ಸರಿಯಾಗಿ ಕೂತಿಲ್ಲ, ಅಷ್ಟೇ ವಿಷಯ. ಅದನ್ನ ಹೇಳಿ ಏನು ಮಾಡಲಿ ಅಂತ ಯಂತ್ರ ಕೇಳ್ತಾ ಇದೆ. 'ರಿಟ್ರೈ' ಅಂದ್ರೆ ಇನ್ನೊಮ್ಮೆ ಪ್ರಯತ್ನ, ಅದೇನೋ ಅರ್ಥವಾಗುತ್ತೆ. 'ಅಬಾರ್ಟ್' ಅಂದ್ರೆ ನಡೀತಿರೋ ಪ್ರೋಗ್ರಾಮನ್ನೇ ನಿಲ್ಲಿಸಿಬಿಡೋದು. ಟೈಪ್ ಮಾಡಿ ಉಳಿಸದೇ ಇದ್ದ ಕೆಲಸ ಹೋಯ್ತು ಅಂತಲೇ ಲೆಕ್ಕ. 'ಇಗ್ನೋರ್' ಅಂದ್ರೆ ತಪ್ಪು ಆಗೇ ಇಲ್ಲ ಅನ್ನೋ ಹಾಗೆ ಮುಂದೆ ಹೋಗೋದು. ಕೇಳೋಕೆ ಎಲ್ಲಕ್ಕಿಂತ ಸೌಮ್ಯವಾದ ಪದ ಅದೇ. ಆದರೆ ಅದರಿಂದ ಮಾಹಿತಿ ಹಾಳಾಗೋ ಅಪಾಯ ಇತ್ತು. ನಂತರದ ಆವೃತ್ತಿಗಳಲ್ಲಿ 'ಫೇಲ್' ಅನ್ನೋ ಆಯ್ಕೆಯೂ ಬಂತು. ಬೇಕಂತ ಫೇಲ್ ಆಗೋಕೆ ಯಾರು ಒತ್ತುತ್ತಾರೆ ಸ್ವಾಮಿ?

ಈ ಪದಗಳಲ್ಲಿ ತಪ್ಪೇನಿಲ್ಲ. ಯಂತ್ರದ ಒಳಗೆ ಏನು ನಡೆಯುತ್ತೋ ಅದನ್ನ ಸರಿಯಾಗೇ ಹೇಳ್ತವೆ. ಆದರೆ ಹೊರಗೆ ಕೂತವರಿಗೆ ಬೇಕಿದ್ದದ್ದು ಬೇರೆ: ನಾನು ಬರೆದದ್ದು ಉಳಿಯುತ್ತಾ, ಹೋಗುತ್ತಾ? ಅದಕ್ಕೆ ಉತ್ತರ ಆ ಸಾಲಿನಲ್ಲಿ ಇರಲಿಲ್ಲ.

'ಸಿಸ್ಟಂ' ಹೋಗಿ 'ಸ್ಟಾರ್ಟ್' ಬಂತು

ಮುಂದಿನ ಕಥೆ ವಿಂಡೋಸ್ 95ರದ್ದು. ಅದು ಬಿಡುಗಡೆಯಾಗಿದ್ದು 1995ರ ಆಗಸ್ಟ್ 24ರಂದು. ಅದನ್ನ ತಯಾರಿಸ್ತಾ ಇದ್ದಾಗ, ಪರದೆಯ ಕೆಳಗಿನ ಪಟ್ಟಿಯಲ್ಲಿ ಮೊದಲು 'ಸ್ಟಾರ್ಟ್' ಅನ್ನೋ ಬಟನ್ ಇರಲಿಲ್ಲ. ಮೂರು ಬಟನ್ ಇದ್ವು: ಸಿಸ್ಟಂ, ಫೈಂಡ್, ಹೆಲ್ಪ್. ಪ್ರೋಗ್ರಾಂ ತೆರೆಯೋಕೆ ಬೇಕಾದದ್ದೆಲ್ಲ 'ಸಿಸ್ಟಂ' ಒಳಗಿತ್ತು.

ಜನರನ್ನ ಕೂರಿಸಿ ನೋಡಿದ್ರು. ಏನು ಮಾಡಬೇಕು ಅಂತ ತಿಳೀದೆ ಪರದೆಯನ್ನೇ ನೋಡ್ತಾ ಕೂತವರೇ ಹೆಚ್ಚು. 'ಸಿಸ್ಟಂ' ಅನ್ನೋ ಪದ ಮುಟ್ಟಬೇಡ ಅಂದ ಹಾಗಿತ್ತೋ ಏನೋ. ಆಮೇಲೆ ಆ ಬಟನ್ ಮೇಲೆ 'ಸ್ಟಾರ್ಟ್' ಅಂತ ಬರೆದ್ರು. ಜನ ಅದನ್ನ ಒತ್ತಿದ್ರು, ಬೇಕಾದದ್ದು ಸಿಕ್ಕಿತು. ಒಂದು ಪದ ಬದಲಾಯ್ತು, ದಾರಿ ಕಾಣಿಸ್ತು.

ಇದರ ಮೇಲೆ ಒಂದು ಹಳೇ ಜೋಕೂ ಇದೆ. ಕಂಪ್ಯೂಟರ್ ಆಫ್ ಮಾಡಬೇಕಾದ್ರೂ 'ಸ್ಟಾರ್ಟ್' ಒತ್ತಬೇಕು ಅಂತ. ಜೋಕು ಸರಿಯಾಗೇ ಇದೆ. ಆದರೆ ಎಂಜಿನಿಯರುಗಳಿಗೆ ಅಚ್ಚುಕಟ್ಟು ಅನಿಸಿದ 'ಸಿಸ್ಟಂ'ಗಿಂತ, ತರ್ಕಕ್ಕೆ ಪೂರ್ತಿ ಹೊಂದದ 'ಸ್ಟಾರ್ಟ್' ಜನರ ಕೈಗೆ ಸಿಕ್ಕಿತು ಅನ್ನೋದೂ ಅಷ್ಟೇ ನಿಜ.

ಇನ್ನೊಂದು ಸಣ್ಣ ಬದಲಾವಣೆ ನೋಡಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನೋಟ್‌ಪ್ಯಾಡ್ ಮುಚ್ಚೋಕೆ ಹೋದ್ರೆ, ಬದಲಾವಣೆಗಳನ್ನ ಉಳಿಸಬೇಕಾ ಅಂತ ಕೇಳಿ 'ಯೆಸ್', 'ನೋ', 'ಕ್ಯಾನ್ಸಲ್' ತೋರಿಸ್ತಾ ಇತ್ತು. 2007ರ ವಿಸ್ಟಾ ಹೊತ್ತಿಗೆ ಅದೇ ಜಾಗದಲ್ಲಿ 'ಸೇವ್', 'ಡೋಂಟ್ ಸೇವ್', 'ಕ್ಯಾನ್ಸಲ್' ಬಂದ್ವು. ಆಪಲ್‌ನವರು ಅದಕ್ಕೂ ಮೊದಲೇ ಈ ದಾರಿ ಹಿಡಿದಿದ್ರು. ವ್ಯತ್ಯಾಸ ಏನು? 'ಯೆಸ್' ಒತ್ತೋಕೆ ಪ್ರಶ್ನೆ ಓದಬೇಕು. 'ಸೇವ್' ಒತ್ತೋಕೆ ಬಟನ್ ಓದಿದ್ರೆ ಸಾಕು. ಏನಾಗುತ್ತೆ ಅನ್ನೋದನ್ನ ಬಟನ್ನೇ ಹೇಳುತ್ತೆ.

ಪದ ತಪ್ಪಿದರೆ ಬೆಲೆ ಎಷ್ಟು?

ಇವೆಲ್ಲ ಸಣ್ಣ ವಿಷಯ, ಒಂದು ಬಟನ್ನಿಗೆ ಇಷ್ಟೆಲ್ಲ ಯಾಕೆ ಅಂತ ಕೇಳೋರಿಗೆ ಎರಡು ಘಟನೆ ಹೇಳ್ತೀನಿ.

2018ರ ಜನವರಿ 13, ಶನಿವಾರ ಬೆಳಗ್ಗೆ 8 ಗಂಟೆ 7 ನಿಮಿಷ. ಅಮೆರಿಕದ ಹವಾಯಿ ದ್ವೀಪಗಳ ಜನರ ಮೊಬೈಲಿಗೆ ಒಂದು ಎಚ್ಚರಿಕೆ ಬಂತು. ಕ್ಷಿಪಣಿ ಬರ್ತಾ ಇದೆ, ತಕ್ಷಣ ಆಶ್ರಯ ಪಡೆಯಿರಿ, ಇದು ಅಣಕು ಅಲ್ಲ ಅಂತ. ಸುಳ್ಳು ಎಚ್ಚರಿಕೆ ಅಂತ ಅದೇ ಫೋನುಗಳಿಗೆ ಸಂದೇಶ ಬರೋಕೆ 38 ನಿಮಿಷ ಬೇಕಾಯ್ತು. ಆ 38 ನಿಮಿಷ ಅಪ್ಪ ಅಮ್ಮಂದಿರು ಮಕ್ಕಳನ್ನ ಎಲ್ಲಿ ಅಡಗಿಸೋದು ಅಂತ ಓಡಾಡಿದ್ರು.

ಪೂರ್ತಿ ತಪ್ಪು ಬಟನ್ನಿನದೇ ಅಂದ್ರೆ ಅನ್ಯಾಯವಾಗುತ್ತೆ. ಅಂದು ಒಂದು ಅಣಕು ಅಭ್ಯಾಸ ನಡೀತಿತ್ತು, ಅದು ನಿಜವಾದ ದಾಳಿ ಅಂತಲೇ ತಾನು ನಂಬಿದ್ದೆ ಅಂತ ಆ ಸಿಬ್ಬಂದಿ ಹೇಳಿದ್ರು. ಆದರೆ ತನಿಖೆಯಲ್ಲಿ ತಂತ್ರಾಂಶದ ದೋಷವೂ ಹೊರಬಂತು. ಎಚ್ಚರಿಕೆ ಕಳಿಸೋ ಮೊದಲು ಪರದೆ ಖಚಿತ ಮಾಡಿಕೊಳ್ಳೋಕೆ ಒಂದು ಪ್ರಶ್ನೆ ಕೇಳುತ್ತೆ. ಅಣಕು ಎಚ್ಚರಿಕೆಗೂ ನಿಜವಾದ ಎಚ್ಚರಿಕೆಗೂ ಆ ಪ್ರಶ್ನೆಯ ಮಾತುಗಳು ಒಂದೇ. ಇದು ಇಡೀ ರಾಜ್ಯಕ್ಕೆ ಹೋಗುತ್ತೆ ಅಂತ ಒಂದು ಮಾತು ಅಲ್ಲಿ ಇದ್ದಿದ್ರೆ, ಕೈ ಒಂದು ಕ್ಷಣ ನಿಲ್ಲೋದಕ್ಕೆ ಅವಕಾಶವಾದ್ರೂ ಇರ್ತಿತ್ತು.

ಎರಡನೆಯದು ನಮ್ಮ ದೇಶಕ್ಕೂ ಸಂಬಂಧಪಟ್ಟಿದ್ದು. 2020ರ ಆಗಸ್ಟ್. ಸೌಂದರ್ಯವರ್ಧಕ ತಯಾರಿಸುವ ರೆವ್ಲಾನ್ ಕಂಪನಿಯ ಸಾಲದ ಬಡ್ಡಿಯನ್ನ ಸಿಟಿಬ್ಯಾಂಕ್ ಸಾಲಗಾರರಿಗೆ, ಅಂದ್ರೆ ಸಾಲ ಕೊಟ್ಟವರಿಗೆ, ಹಂಚಬೇಕಿತ್ತು. ಸುಮಾರು 78 ಲಕ್ಷ ಡಾಲರ್. ಹೋಗಿದ್ದು ಎಷ್ಟು ಗೊತ್ತಾ? ಅಸಲೂ ಸೇರಿ ಸುಮಾರು 90 ಕೋಟಿ ಡಾಲರ್. ಬಳಸ್ತಾ ಇದ್ದದ್ದು ಫ್ಲೆಕ್ಸ್‌ಕ್ಯೂಬ್ ಅನ್ನೋ ತಂತ್ರಾಂಶ, ಅದರ ಬೇರು ಮುಂಬೈಯ ಐ-ಫ್ಲೆಕ್ಸ್ ಕಂಪನಿಯದ್ದು, ನಂತರ ಅದು ಒರಾಕಲ್ ತೆಕ್ಕೆಗೆ ಹೋಯ್ತು. ಪರದೆಯಲ್ಲಿ ಮೂರು ಆಯ್ಕೆಗಳಿದ್ವು: 'ಪ್ರಿನ್ಸಿಪಲ್', 'ಫ್ರಂಟ್', 'ಫಂಡ್'. ಅಸಲು ಹೊರಗೆ ಹೋಗದ ಹಾಗೆ ಬ್ಯಾಂಕಿನೊಳಗೇ ಇಡಬೇಕಾದ್ರೆ ಮೂರನ್ನೂ ಗುರುತು ಮಾಡಬೇಕಿತ್ತು. ಅಸಲು ಅಂದ್ರೆ ಪ್ರಿನ್ಸಿಪಲ್ ತಾನೇ? ಅದೊಂದನ್ನೇ ಗುರುತು ಮಾಡಿದ್ರು. ಭಾರತದಲ್ಲಿ ಕೂತಿದ್ದ ಇಬ್ಬರು, ಅಮೆರಿಕದಲ್ಲಿದ್ದ ಒಬ್ಬ ಹಿರಿಯರು, ಮೂರೂ ಜನ ನೋಡಿ ಸರಿ ಅಂದ್ರು. ಕೊನೆಗೆ ಪರದೆ ಒಂದು ಎಚ್ಚರಿಕೆಯನ್ನೂ ಕೊಡ್ತು. ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತೆ, ಮುಂದುವರಿಸಬೇಕಾ ಅಂತ. ಎಷ್ಟು ಹಣ ಅಂತ ಹೇಳಲಿಲ್ಲ. ಬಡ್ಡಿ ಹೇಗೂ ಹೊರಗೆ ಹೋಗಲೇಬೇಕಿತ್ತಲ್ಲ, ಮುಂದುವರಿಸಿದ್ರು.

ಕೆಲವರು ಹಣ ಹಿಂದಿರುಗಿಸಿದ್ರು. ಸುಮಾರು 50 ಕೋಟಿ ಡಾಲರ್ ವಾಪಸ್ ಬರಲಿಲ್ಲ. ಆ ಹಣವನ್ನ ಇಟ್ಟುಕೊಳ್ಳಬಹುದು ಅಂತ 2021ರ ಫೆಬ್ರುವರಿಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನ ತಳ್ಳಿಹಾಕಿತು. ಎರಡು ವರ್ಷದ ವ್ಯಾಜ್ಯದ ಬುಡದಲ್ಲಿ ಇದ್ದದ್ದು ಪಕ್ಕಪಕ್ಕದ ಮೂರು ಪದ. ಆ ಮೂವರೂ ದಡ್ಡರೇ? ಅಸಲು ಅಂತ ಬರೆದ ಕಡೆ ಅಸಲು ಅಂತ ಓದಿದ್ರು, ಅಷ್ಟೇ.

ನಮ್ಮದೇ 'ಡೋಲ್ಟ್'

ಈಗ ಕನ್ನಡಕ್ಕೆ ಬರೋಣ. ಕನ್ನಡದಲ್ಲಿ 'ಸೇವ್'ಗೆ ಏನಂತೀವಿ? ಉಳಿಸು. 'ಡಿಲೀಟ್'ಗೆ? ಅಳಿಸು. ಒಮ್ಮೆ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಉಳಿಸು, ಅಳಿಸು. ಒಂದೇ ಒಂದು ಅಕ್ಷರದ ವ್ಯತ್ಯಾಸ. ಅಳಿವು ಉಳಿವಿನ ಪ್ರಶ್ನೆ ಅಂತ ಭಾಷಣದಲ್ಲಿ ಹೇಳ್ತೀವಲ್ಲ, ಅದು ಅಕ್ಷರಶಃ ಪರದೆ ಮೇಲಿದೆ. ಕನ್ನಡಕ ಮರೆತವರಿಗೆ, ಬಿಸಿಲಿನಲ್ಲಿ ನಿಂತು ಸಣ್ಣ ಫೋನ್ ನೋಡೋರಿಗೆ, 'ಅ' ಯಾವುದು 'ಉ' ಯಾವುದು? ಸಾಲದ್ದಕ್ಕೆ 'ಮಗೂನ ಅಳಿಸಬೇಡ' ಅನ್ನುವಾಗಲೂ ಅದೇ ಪದ. ಫೋಟೋ ಅಳಿಸಿದ್ರೆ ಅಜ್ಜಿಯನ್ನೂ ಅಳಿಸಿದ ಹಾಗೇ.

ಇದು ಅನುವಾದ ಮಾಡಿದವರ ಮೇಲಿನ ದೂರಲ್ಲ. ಲಿನಕ್ಸ್‌ನ ಗ್ನೋಮ್, ಫೈರ್‌ಫಾಕ್ಸ್ ಮುಂತಾದವನ್ನ ಕನ್ನಡಕ್ಕೆ ತಂದಿದ್ದರಲ್ಲಿ ಸ್ವಯಂಸೇವಕರ ಪಾಲು ದೊಡ್ಡದು. ಅನುವಾದಕರ ಕೈಗೆ ಎಷ್ಟೋ ಸಲ ಬರೋದು ಪದಗಳ ಪಟ್ಟಿ ಮಾತ್ರ, ಪರದೆ ಅಲ್ಲ. ಪಟ್ಟಿಯಲ್ಲಿ 'ಓಪನ್' ಅಂತಿರುತ್ತೆ. ಅದು 'ತೆರೆ' ಅನ್ನೋ ಆಜ್ಞೆಯೋ, 'ತೆರೆದಿದೆ' ಅನ್ನೋ ವಿವರವೋ? 'ಫ್ರೀ' ಅಂತಿರುತ್ತೆ. ಉಚಿತವೋ, ಖಾಲಿಯೋ? ಇಂಗ್ಲಿಷ್ ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಪಾರಾಗುತ್ತೆ, ಕನ್ನಡ ಆರಿಸಲೇಬೇಕು.

ಕನ್ನಡಕ್ಕೆ ಇನ್ನೊಂದು ಪ್ರಶ್ನೆಯೂ ಇದೆ, ಇಂಗ್ಲಿಷಿಗೆ ಇಲ್ಲದ್ದು. ಬಟನ್ ಮೇಲೆ 'ಉಳಿಸು' ಅಂತ ಬರೀಬೇಕಾ, 'ಉಳಿಸಿ' ಅಂತಾನಾ? 'ಉಳಿಸು' ಅಂದ್ರೆ ನಾನು ಯಂತ್ರಕ್ಕೆ ಹೇಳ್ತಾ ಇದ್ದೀನಿ, ಏಕವಚನ ಪರವಾಗಿಲ್ಲ. 'ಉಳಿಸಿ' ಅಂದ್ರೆ ಯಂತ್ರ ನನಗೆ ಮರ್ಯಾದೆಯಿಂದ ಹೇಳ್ತಾ ಇದೆ. ಯಾರು ಯಾರಿಗೆ ಮಾತಾಡ್ತಾ ಇದ್ದಾರೆ ಅನ್ನೋದನ್ನ ಕನ್ನಡದ ಕ್ರಿಯಾಪದ ಮುಚ್ಚಿಡೋಕೆ ಬಿಡಲ್ಲ. ಒಂದೇ ಆ್ಯಪ್‌ನಲ್ಲಿ ಎರಡೂ ಬೆರೆತಿದ್ರೆ ಓದೋರಿಗೆ ಗೊಂದಲ ಸಹಜ.

ಹಾಗಾದ್ರೆ ದೊಡ್ಡಮ್ಮನ ಪರದೆಯಲ್ಲಿ ಏನಿರಬೇಕಿತ್ತು? ಒಂದು ಸುಲಭ ಪರೀಕ್ಷೆ ಇದೆ. ಮೇಲಿನ ಪ್ರಶ್ನೆಯನ್ನ ಕೈಯಿಂದ ಮುಚ್ಚಿ, ಬರೀ ಬಟನ್ ಓದಿ. 'ಸರಿ', 'ರದ್ದುಗೊಳಿಸಿ' ಅಂತ ಓದಿದ್ರೆ ಏನೂ ತಿಳಿಯಲ್ಲ. 'ಟಿಕೆಟ್ ರದ್ದು ಮಾಡಿ', 'ಟಿಕೆಟ್ ಇರಲಿ' ಅಂತ ಓದಿದ್ರೆ ಮಗುವಿಗೂ ತಿಳಿಯುತ್ತೆ. 'ಇರಲಿ' ನಾವು ದಿನಕ್ಕೆ ಹತ್ತು ಸಲ ಆಡೋ ಮಾತು. ಗಿನ್ ಸಂಪಾದಕರ ಮೇಜಿನ ಮೇಲೆ 'ಕಟ್', 'ಪೇಸ್ಟ್' ಇದ್ದ ಹಾಗೆ, ನಮ್ಮ ಬಾಯಲ್ಲೂ ಪದಗಳು ರೆಡಿ ಇವೆ.

ಮೊನ್ನೆ ಫೋನ್ ಮಾಡಿ ಈ ಕಥೆಯನ್ನೆಲ್ಲ ದೊಡ್ಡಮ್ಮನಿಗೆ ಹೇಳಿದೆ. ಡೋಲ್ಟ್ ಪ್ರಸಂಗ ಕೇಳಿ ಚೆನ್ನಾಗಿ ನಕ್ಕರು. ಆಮೇಲೆ ಟೀಚರ್ ದನಿಯಲ್ಲಿ ಅಂದ್ರು: "ಅಲ್ಲ ಕಣೋ, ಪರೀಕ್ಷೆಯಲ್ಲಿ ಪ್ರಶ್ನೆನೇ ತಪ್ಪಿದ್ರೆ ಮಕ್ಕಳಿಗೆಲ್ಲ ಗ್ರೇಸ್ ಮಾರ್ಕ್ಸ್ ಕೊಡ್ತಿದ್ವಿ. ನಂಗೆ ನನ್ನ ಟಿಕೆಟ್ ದುಡ್ಡು ಯಾರು ಕೊಡ್ತಾರೆ?"

ನನ್ನ ಹತ್ರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಯಾರಾದ್ರೂ ತಂತ್ರಾಂಶ ಬರೆಯೋರಿದ್ರೆ, ಈ ಪ್ರಶ್ನೆ ನಿಮಗೆ. ಬರೆಯೋರಲ್ಲದಿದ್ರೆ, ಮುಂದಿನ ಸಲ ಮನೆಯಲ್ಲಿ ಯಾರಾದ್ರೂ ಫೋನ್ ಹಿಡ್ಕೊಂಡು "ನಾನೇ ದಡ್ಡ" ಅಂದಾಗ, ಮೊದಲು ಆ ಬಟನ್ ಮೇಲೆ ಏನು ಬರೆದಿದೆ ಅಂತ ಇಸ್ಕೊಂಡು ಓದಿ ನೋಡಿ.